ಮಾವಿನಕಾಯಿ ಹಸಿರಿನ ಫ್ರಾಕು

ಆಗೆಲ್ಲ ಬನಹಟ್ಟಿಯಲ್ಲಿ ನಮಗೆ ಬೇಸಿಗೆ ಶುರುವಾಗುತ್ತಿದ್ದುದು ಅವ್ವ ತಗಡಿನ ಟ್ರಂಕು ತೆರೆದ ದಿನ. ಶಿವರಾತ್ರಿ ಮುಗಿದು ಎಂಟು ದಿನ ಆಗಿರಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತಿರಬೇಕು, ಆಗ ಆಕೆ ಊಟ ಮುಗಿಸಿ, ಶೇಂಗಾ ಹಿಂಡಿಯ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಟ್ರಂಕು ಇಳಿಸುತ್ತಿದ್ದಳು. ಮುಚ್ಚಳ ತೆಗೆದ ಕೂಡಲೇ ಒಣ ಬೇವಿನೆಲೆ, ಹಳೆಯ ಗಂಜಿ, ಬಣ್ಣದ ನೂಲು ಮೂರೂ ಕೂಡಿದ ವಾಸನೆ ಮನೆ ತುಂಬುತ್ತಿತ್ತು. ನನಗೆ ಆ ವಾಸನೆ ಬಡಿದರೆ ಸಾಕು, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕ ನಿಧಾನಿ, ಗೋಡೆಗೆ ಆತು ಕೂತಿರುತ್ತಿದ್ದಳು. ನಾನು ಟ್ರಂಕಿನ ಸುತ್ತ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಅವ್ವನಿಂದ ಬೈಸಿಕೊಂಡಿರುತ್ತಿದ್ದೆ.

"ಕುಂದರ ಬೇ ಒಂದ ಕಡೆ. ಬಾಲ ಸುಟ್ಟ ಬೆಕ್ಕಿನಂಗ ಯಾಕ ತಿರಗತಿ?"

ಆ ಟ್ರಂಕಿನಲ್ಲಿ ಇರುತ್ತಿದ್ದುದು ತಪ್ಪು ಬಿದ್ದ ಸೀರೆಗಳು. ಅಪ್ಪ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು, ಕುಣಿಮಗ್ಗದಲ್ಲಿ ಹತ್ತಿಯ ಸೀರೆ ನೇಯುತ್ತಿದ್ದ. ನೂಲು ಕೊಡುವವರು ರಬಕವಿಯ ಸಾವಕಾರರು, ನೇಯ್ದ ಸೀರೆ ತಿರುಗಿ ಒಯ್ಯುವವರೂ ಅವರೇ. ನಡುವೆ ಎಲ್ಲಾದರೂ ಎಣ್ಣೆಯ ಕಲೆ ಬಿದ್ದಿದ್ದರೆ, ಎಳೆ ಹರಿದು ಸಾಲು ತಪ್ಪಿದ್ದರೆ, ಅವರು ಅದನ್ನು ಮಡಚಿ ಅಪ್ಪನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅಂಥ ಸೀರೆ ಟ್ರಂಕಿಗೆ ಬರುತ್ತಿತ್ತು. ಬೇಸಿಗೆ ಬಂದಾಗ ಅದೇ ನಮ್ಮ ಮೈಮೇಲೆ ಬರುತ್ತಿತ್ತು. ಉಳಿದ ಮಕ್ಕಳು ಯಾವ ಬಣ್ಣ ಬೇಕು ಅಂತ ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದರೆ, ನಮ್ಮ ಓಣಿಯ ಮಕ್ಕಳ ಬಣ್ಣವನ್ನು ಅಪ್ಪಂದಿರ ತಪ್ಪುಗಳು ಆರಿಸುತ್ತಿದ್ದವು. ಯಾರ ಮನೆಯಲ್ಲಿ ಯಾವ ಬಣ್ಣದ ಸೀರೆ ಕೆಟ್ಟಿತು ಎಂಬುದು ಏಪ್ರಿಲಿನಲ್ಲಿ ಮಕ್ಕಳ ಮೈ ನೋಡಿದರೆ ಗೊತ್ತಾಗುತ್ತಿತ್ತು.

ಅಷ್ಟರಲ್ಲೂ ಅವ್ವ ಆರಿಸುವ ಶಾಸ್ತ್ರ ಬಿಡುತ್ತಿರಲಿಲ್ಲ. ಅರಿವೆಯನ್ನು ಬಾಯಿಗೆ ಹಿಡಿದು ಊದುತ್ತಿದ್ದಳು. ಉಸಿರು ಆಚೆ ಬದಿಗೆ ಹಿಡಿದ ಅಂಗೈಗೆ ತಾಗಿದರೆ ಅದು ಬೇಸಿಗೆಯ ಅರಿವೆ, ತಾಗದಿದ್ದರೆ ಚಳಿಗಾಲಕ್ಕೆ ಎತ್ತಿಡು. ಆಮೇಲೆ ಹೆಬ್ಬೆರಳು ನಾಲಿಗೆಗೆ ಹಚ್ಚಿ ಬಣ್ಣ ತಿಕ್ಕುತ್ತಿದ್ದಳು. ಬೆರಳು ಬಣ್ಣವಾದರೆ ಉಪ್ಪಿನ ನೀರಿನಲ್ಲಿ ಒಂದು ರಾತ್ರಿ ನೆನೆಯಬೇಕು. ಕೊನೆಗೆ ನಮ್ಮ ಗಲ್ಲಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, ತಪ್ಪು ಎಲ್ಲಿ ಮುಚ್ಚಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಕಲೆ ಇದ್ದರೆ ಬಗಲಿಗೆ, ಎಳೆ ತಪ್ಪಿದ್ದರೆ ನಿರಿಗೆಯ ಒಳಗೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನನ್ನ ಪಾಲಿಗೆ ಬಂದದ್ದು ಕಡುಗೆಂಪು. ಉಪ್ಪಿನ ನೀರಲ್ಲಿ ನೆನೆಸಿದರೂ ಅದು ಬಣ್ಣ ಬಿಡುವುದು ನಿಲ್ಲಲಿಲ್ಲ. ಸಾಲೆಯ ಸೂಟಿಗೆ ಜಮಖಂಡಿಯ ಚಿಗವ್ವನ ಮನೆಗೆ ಹೋಗಲು ಬಸ್ಸಿನಲ್ಲಿ ನಿಂತು ಬೆವತದ್ದೇ ತಡ, ಇಳಿಯುವ ಹೊತ್ತಿಗೆ ಕುತ್ತಿಗೆ, ಬಗಲು, ಬೆನ್ನು ಎಲ್ಲ ಕೆಂಪು. ಚಿಗವ್ವನ ಮಗಳು ಸಣ್ಣ ಹೂವಿನ ಅಂಗಡಿ ಅರಿವೆಯ ಫ್ರಾಕು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವಳು, ನನ್ನ ನೋಡಿ ಒಳಗೆ ಓಡಿದಳು. "ಯವ್ವಾ, ಸಂಗವ್ವಗ ಯಾರೋ ಹೊಡದಾರ!" ಆ ಸೂಟಿಯೆಲ್ಲ ನಾನು ಹೊಡೆತ ತಿಂದವಳೇ. ಗಜಗದ ಆಟದಲ್ಲಿ ಗೆದ್ದರೂ "ಹೊಡತಾ ತಿಂದಾಕಿ ಗೆದ್ದಳು" ಅನ್ನುತ್ತಿದ್ದರು. ಆ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಇದನ್ನು ಬರೆಯುವಾಗಲೂ ಬಂತು.

ಊರಿಗೆ ಬಂದವಳೇ ಅಪ್ಪನ ಬೆನ್ನು ಹತ್ತಿದೆ. ಮುಂದಿನ ಬೇಸಿಗೆಗೆ ನನಗೂ ಅಂಗಡಿ ಅರಿವೆ ಬೇಕು. ಅಪ್ಪ ಲಾಳಿ ನಿಲ್ಲಿಸಲೂ ಇಲ್ಲ.

"ನೇಕಾರನ ಮನ್ಯಾಗ ಅಂಗಡಿ ಅರಿವಿ ಬಂದ್ರ, ನಾಳಿಗಿ ಮಂದಿ ನನ್ನ ಮಾರಿ ನೋಡಿ ನಗತಾರ, ಸಂಗವ್ವಾ."

"ತಪ್ಪ ಬಿದ್ದದ್ದ ಹಾಕ್ಕೊಂಡ್ರ ನಗೂದಿಲ್ಲೇನು?"

"ಅದು ನನ್ನ ತಪ್ಪು. ನನ್ನ ಮಕ್ಕಳ ಹಾಕ್ಕೋತಾರ," ಎಂದು ಅಪ್ಪ ನಕ್ಕುಬಿಟ್ಟ.

ಹೀಗೆ ಮರುವರ್ಷದ ಟ್ರಂಕು ತೆರೆಯಿತು. ನಾನಾಗ ಐದನೆಯ ಇಯತ್ತೆ. ಒಳಗೆ ಇದ್ದದ್ದು ಒಂದೇ ಸೀರೆ, ಬದನೆಕಾಯಿ ಬಣ್ಣದ್ದು. ವರ್ಷವಿಡೀ ಅಪ್ಪನ ಕೈಯಿಂದ ಒಂದೇ ಒಂದು ಸೀರೆ ಕೆಟ್ಟಿತ್ತು. ಅವ್ವ ಅದನ್ನು ಊದಿದಳು, ತಿಕ್ಕಿದಳು, ಹೆಬ್ಬೆರಳು ನೇರಳೆಯಾಯಿತು. "ಇಬ್ಬರಿಗೂ ಇದರಾಗ ಆಗತೈತಿ. ಯುಗಾದಿ ಮುಗದ ಮ್ಯಾಲೆ ಕತ್ತರಸ್ತೇನಿ," ಎಂದಳು. ನನ್ನ ಕಣ್ಣ ಮುಂದೆ ಜಮಖಂಡಿಯ ಬಾಗಿಲು, ನೇರಳೆ ಕುತ್ತಿಗೆ, ಚಿಗವ್ವನ ಮಗಳ ಹಲ್ಲು ಎಲ್ಲ ಬಂದು ನಿಂತವು.

ಅದೇ ವಾರ ಮಗ್ಗದ ಮೇಲೆ ಮಾವಿನಕಾಯಿ ಹಸಿರು ಏರಿತು. ಅಂಥ ಬಣ್ಣ ನಮ್ಮ ಮನೆಗೆ ಎಂದೂ ಬಂದಿರಲಿಲ್ಲ. ಬರುತ್ತಿದ್ದವೆಲ್ಲ ಮುದುಕಿಯರ ಬಣ್ಣ. ಇದು ಮುಟ್ಟಿದರೆ ತಂಪು, ನೋಡಿದರೆ ಬಾಯಲ್ಲಿ ಉಪ್ಪು ಖಾರ ಹಚ್ಚಿದ ಹುಳಿ. ಅಷ್ಟು ಒಳ್ಳೆಯ ಹಸಿರು ಪೂರ್ತಿ ಸಾವಕಾರರ ಪಾಲು! ಸಾಲೆಯಿಂದ ಬಂದವಳೇ ಮಗ್ಗದ ಕೋಣೆಗೆ ಓಡಿ ನೋಡುತ್ತಿದ್ದೆ. ಒಂದು ಕಲೆ? ಒಂದು ಹರಿದ ಎಳೆ? ಮಗಳು ಕಸುಬು ಕಲಿಯುತ್ತಿದ್ದಾಳೆ ಎಂದು ಅಪ್ಪ ಹಿಗ್ಗುತ್ತಿದ್ದ. ನಾನು ಆತನ ಕೈ ತಪ್ಪಲಿ ಎಂದು ಸಂಜೆ ಸಂಜೆ ದೇವರ ಜಗಲಿಯ ಮಲ್ಲಯ್ಯನಿಗೆ ಕೈ ಮುಗಿಯುತ್ತಿದ್ದೆ.

ಅಪ್ಪನ ಕೈ ತಪ್ಪುವುದು ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡದು ಆತನ ಕಣ್ಣು. ಬಣ್ಣಗಾರರು ನೂಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಅದ್ದುತ್ತಾರೆ. ಒಂದು ಸಲ ಅದ್ದಿದ ಬಣ್ಣ ಇನ್ನೊಂದು ಸಲಕ್ಕೆ ಕೂದಲೆಳೆಯಷ್ಟಾದರೂ ಬೇರೆಯಾಗಿಯೇ ಬರುತ್ತದೆ. ಎರಡನ್ನೂ ಒಂದೇ ಸೀರೆಯಲ್ಲಿ ಹೆಣೆದರೆ ನೇಯುವಾಗ ಕಾಣದಿದ್ದರೂ ಬಿಸಿಲಿಗೆ ಹಿಡಿದಾಗ ಪಟ್ಟೆ ಹೊಡೆದಂತೆ ಎದ್ದು ಕಾಣುತ್ತದೆ. ಅದಕ್ಕೇ ಓಣಿಯ ನೇಕಾರರೆಲ್ಲ ನೂಲಿನ ಲಡಿ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. "ಮಲ್ಲಪ್ಪಣ್ಣಾ, ಇವೆರಡೂ ಒಂದ ಏನು, ಒಂದಿಷ್ಟ ನೋಡ್ರಿ." ಅಪ್ಪ ಬಾಗಿಲಲ್ಲಿ ನಿಂತು ಎರಡೂ ಲಡಿಗಳನ್ನು ಪಕ್ಕಪಕ್ಕ ಹಿಡಿದು, ಉಸಿರು ಬಿಡುವಷ್ಟರಲ್ಲಿ ಹೇಳುತ್ತಿದ್ದ. ಎರಡನೆಯ ಸಲ ನೋಡಿದ್ದು ನಾನಂತೂ ಕಾಣೆ. ಆತನ ಕಣ್ಣು ಹೂಂ ಎಂದರೆ ಓಣಿಯ ಮಗ್ಗ ನಡೆಯುತ್ತಿತ್ತು.

ಹಸಿರು ನೂಲೂ ಎರಡು ಕೊಪ್ಪರಿಗೆಯದಾಗಿತ್ತು. ಅಡ್ಡ ನೂಲನ್ನು ಸಣ್ಣ ಕಡ್ಡಿಗಳಿಗೆ ಸುತ್ತಿ ಲಾಳಿಯಲ್ಲಿ ಇಡುತ್ತಾರೆ, ಅದಕ್ಕೆ ಕಂಡಿಕೆ ಎನ್ನುತ್ತಾರೆ. ರಾಟಿ ತಿರುಗಿಸಿ ಕಂಡಿಕೆ ಸುತ್ತುವುದು ಹೆಣ್ಣುಮಕ್ಕಳ ಕೆಲಸ, ಸಾಲೆಯಿಂದ ಬಂದ ಮೇಲೆ ನನ್ನ ಕೆಲಸ. ಮೊದಲ ಕೊಪ್ಪರಿಗೆಯದು ಬಿದಿರಿನ ಪುಟ್ಟಿಗೆ, ಎರಡನೆಯದು ತಗಡಿನ ಡಬ್ಬಿಗೆ. "ಪುಟ್ಟಿದು ಮುಗದ ಮ್ಯಾಲೆನ ಡಬ್ಬಿದು. ಒಂದ ಸೀರ್‍ಯಾಗ ಎರಡೂ ಬರಬಾರದು, ನೆನಪಿಡು," ಎಂದು ಅಪ್ಪ ಹೇಳಿದ್ದ. ನನಗೆ ನೆನಪಿತ್ತು, ಬೇಕಾದದ್ದಕ್ಕಿಂತ ಹೆಚ್ಚೇ ನೆನಪಿತ್ತು.

ಯುಗಾದಿಗೆ ನಾಲ್ಕು ದಿನ ಉಳಿದಾಗ ಡಬ್ಬಿಯ ಐದು ಕಂಡಿಕೆ ತೆಗೆದು ಪುಟ್ಟಿಯ ಕಂಡಿಕೆಗಳ ಮೇಲೆ ಇಟ್ಟೆ.

ಆದರೆ ಒಂದು ಭಯವಿತ್ತು. ಅಪ್ಪನ ಕಣ್ಣು. ಮಗ್ಗದ ಮೇಲೆ ಇರುವುದು ಒಂದೇ ಬೆಳಕಿಂಡಿ, ಅದರ ಬೆಳಕು ನೇರ ಅರಿವೆಯ ಮೇಲೆ ಬೀಳುತ್ತಿತ್ತು. ಅಷ್ಟು ಬೆಳಕು ಸಾಕು, ಆತ ಹಿಡಿದುಬಿಡುತ್ತಿದ್ದ. ಮಧ್ಯಾಹ್ನ ಆತ ಅಂಬಲಿ ಕುಡಿಯಲು ಎದ್ದಾಗ ನಾನು ಗೋಣಿತಟ್ಟು ನೀರಲ್ಲಿ ಅದ್ದಿ, ಪಡಸಾಲೆಯ ಡಬ್ಬ ತಂದು ಒಂದರ ಮೇಲೊಂದು ಇಟ್ಟು ಹತ್ತಿ, ಬೆಳಕಿಂಡಿಗೆ ಕಟ್ಟಿದೆ. ಕೋಣೆ ತಣ್ಣಗಾಯಿತು, ಮಬ್ಬೂ ಆಯಿತು. ನೀರು ಹನಿಹನಿ ಉದುರಿ ಮಣ್ಣಿನ ನೆಲದಿಂದ ಮೊದಲ ಮಳೆಯ ವಾಸನೆ ಎದ್ದಿತು. ಅಪ್ಪ ಬಂದು ಕುಣಿಯಲ್ಲಿ ಕಾಲಿಟ್ಟವನು ತಲೆ ಎತ್ತಿ ನೋಡಿದ.

"ಇದನ್ನ ಯಾರ ಕಟ್ಟಿದ್ರು?"

"ನಾ ಕಟ್ಟೇನಿ. ಬಿಸಲ ಬಾಳ ಐತಿ ಅಪ್ಪಾ."

ಬೇಸಿಗೆಯ ಒಣಗಾಳಿಗೆ ನೂಲು ಹರಿಯುತ್ತದೆ, ತಂಪು ಇದ್ದರೆ ಎಳೆ ತಾಳುತ್ತದೆ. ಹಾಗಾಗಿ ಆತನಿಗೆ ಎರಡು ಪಟ್ಟು ಖುಷಿ. ಓಣಿಯಲ್ಲಿ ಹೋಗುತ್ತಿದ್ದ ನೇಕಾರ ನಿಂಗಪ್ಪನನ್ನು ಕೂಗಿ ಕರೆದು ತೋರಿಸಿದ. "ನೋಡೋ ನಿಂಗಪ್ಪಾ, ಹೇಳದನ ತಂಪ ಮಾಡ್ಯಾಳ ನಮ್ಮ ಹುಡುಗಿ. ಹೆಣ್ಣಮಕ್ಕಳಿಗಿ ಇರೂ ಕರಳು ಯಾರಿಗಿ ಇರತೈತಿ?" ನಾನು ನೆಲ ನೋಡುತ್ತ ನಿಂತಿದ್ದೆ. ನಿಂಗಪ್ಪ ನನ್ನ ತಲೆ ಸವರಿ ಹೋದ.

ಪುಟ್ಟಿಯಲ್ಲಿರುವುದೆಲ್ಲ ಒಂದೇ ಬಣ್ಣ ಎಂಬ ನಂಬಿಕೆ ಇದ್ದಾಗ ಯಾವ ನೇಕಾರನೂ ಕಂಡಿಕೆಯನ್ನು ಬೆಳಕಿಗೆ ಹಿಡಿದು ನೋಡುವುದಿಲ್ಲ. ಅಪ್ಪ ಲಾಳಿ ಓಡಿಸುತ್ತ ಹೋದ. ಐದು ಕಂಡಿಕೆ ಎಂದರೆ ಸುಮಾರು ಒಂದು ಮೊಳ ಅರಿವೆ. ಆ ಮೊಳ ನೇಯ್ದು, ಕೆಳಗಿನ ದಿಂಡಿಗೆ ಸುತ್ತಿಕೊಂಡು ಕಣ್ಮರೆಯಾಗುವವರೆಗೆ ನಾನು ಐದಾರು ಸಲ ತಟ್ಟಿಗೆ ನೀರು ಹೊಡೆದೆ. ಕೊನೆಗೆ, ಹೆಚ್ಚಿನ ಲೆಕ್ಕ ಅಪ್ಪನ ಕಣ್ಣಿಗೆ ಬೀಳಬಾರದೆಂದು, ಪುಟ್ಟಿಯಲ್ಲಿ ಉಳಿದ ಐದು ಕಂಡಿಕೆಯ ನೂಲನ್ನು ಬಿಚ್ಚಿ ನೀರೊಲೆಗೆ ಹಾಕಿದೆ. ಹತ್ತಿ ಸುಟ್ಟ ವಾಸನೆಗೆ ಅವ್ವ ಮೂಗು ಮುರಿದಳು, ಏನೂ ಕೇಳಲಿಲ್ಲ.

ಅಪ್ಪ ತಟ್ಟಿನ ಮಬ್ಬಿನಲ್ಲೇ ಸೀರೆ ಇಳಿಸಿ ಮಡಚಿದ. ಅದನ್ನು ಒಯ್ಯುವ ದಿನ ಆತನ ಜೊತೆ ನಾನೂ ರಬಕವಿಗೆ ಹೋದೆ. ಹೋಗದೆ ಇರಲಾಗಲಿಲ್ಲ. ಸಾವಕಾರರು ಕಟ್ಟೆಯ ಮೇಲೆ, ಬಿಸಿಲಲ್ಲಿ, ಸೀರೆಯ ಮಡಿಕೆ ಬಿಚ್ಚುತ್ತ ಬಂದರು. ಅರ್ಧಕ್ಕೆ ಬಂದವರು ನಿಂತರು.

"ಮಲ್ಲಪ್ಪಾ, ಏನಿದು? ನಿನ್ನ ಕೈಯಾಗ ಹಿಂಗ?"

ಹಸಿರಿನ ನಡುವೆ ಇನ್ನೊಂದು ಹಸಿರು, ಮೊಳದಷ್ಟು ಅಗಲ, ಗೆರೆ ಕೊರೆದಂತೆ. ಅಪ್ಪ ಸೀರೆ ಎತ್ತಿಕೊಂಡು ನೋಡಿದ. ಇನ್ನೊಂದು ಬದಿಗೆ ತಿರುಗಿಸಿ ನೋಡಿದ. ಎರಡನೆಯ ಸಲ ನೋಡಿದ, ಮೂರನೆಯ ಸಲ ನೋಡಿದ. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದ, "ಸಂಗವ್ವಾ, ನಿನಗ ಕಾಣಸ್ತೈತೇನು?"

"ಹೂಂ."

"ನನಗ ಮಗ್ಗದ ಮ್ಯಾಲೆ ಕಾಣಲೇ ಇಲ್ಲಲ್ಲ," ಎಂದ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಅಲ್ಲೇ ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೇನೋ. ಆತ ಸೀರೆ ಬಗಲಲ್ಲಿಟ್ಟುಕೊಂಡು ಬನಹಟ್ಟಿಯ ದಾರಿ ಹಿಡಿದ. ಮನೆಯಲ್ಲಿ ಅವ್ವ ಅರಿವೆ ನೋಡಿ, "ತಟ್ಟ ಕಟ್ಟಿದ್ದಕ್ಕ ಕತ್ತಲಾಗಿತ್ತೋ ಏನೋ ನೋಡ್ರಿ," ಎಂದಳು. ನಾನು ಬಾಗಿಲ ಹಿಂದೆ ಸರಿದೆ.

"ಹುಡುಗಿ ಕಕ್ಕುಲಾತಿಲೆ ಕಟ್ಟ್ಯಾಳ. ಆಕಿ ಮ್ಯಾಲೆ ತಪ್ಪ ಹೊರಸಬ್ಯಾಡ," ಎಂದ ಅಪ್ಪ. ಆತ ದನಿ ಏರಿಸಿದ್ದು ಆವತ್ತು ಅಷ್ಟೇ.

ಬದನೆಕಾಯಿ ಪೂರ್ತಿ ಅಕ್ಕನ ಪಾಲಾಯಿತು. ಹಸಿರು ನನ್ನದಾಯಿತು. ಅವ್ವ ಆ ಮೊಳದ ಪಟ್ಟೆಯನ್ನು ಮುಚ್ಚಲು ಹೋಗಲಿಲ್ಲ. ಅದನ್ನೇ ಬೇರೆ ಕತ್ತರಿಸಿ ಫ್ರಾಕಿನ ಕೆಳಗೆ ಸುತ್ತಲೂ ನಿರಿಗೆ ಹಿಡಿದು ಹೊಲಿದಳು. ಮೇಲೆ ಒಂದು ಹಸಿರು, ಕೆಳಗೆ ಒಂದು ಹಸಿರು, ಬೇಕೆಂದೇ ಎರಡು ಬಣ್ಣ ಹುಡುಕಿ ತಂದಂತೆ ಕಾಣುತ್ತಿತ್ತು. ಓಣಿಯ ಹುಡುಗಿಯರು ಮುಟ್ಟಿ ಮುಟ್ಟಿ ನೋಡಿದರು. ಜಮಖಂಡಿಯಲ್ಲಿ ಚಿಗವ್ವ ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ಇದನ್ನ ಯಾವ ಅಂಗಡ್ಯಾಗ ತಗೊಂಡ್ರಿ ಬೇ?" ಎಂದಳು. ಚಿಗವ್ವನ ಮಗಳ ಮುಖ ಇಷ್ಟಾಯಿತು. ವರ್ಷವಿಡೀ ನಾನು ಕಾದದ್ದು ಆ ಒಂದು ಕ್ಷಣಕ್ಕೆ. ಬಂತು, ಕಡಲೆಪುಟಾಣಿ ತಿನ್ನುವಷ್ಟು ಹೊತ್ತು ಇತ್ತು, ಹೋಯಿತು. ನಾಲ್ಕೇ ದಿನಕ್ಕೆ ಮನೆಗೆ ಹೋಗೋಣ ಎಂದು ಹಟ ಹಿಡಿದೆ. ಆ ತಂಪು ಅರಿವೆಯೊಳಗೂ ನನಗೆ ಮೈ ಕಡಿಯುತ್ತಿತ್ತು.

ಏಕೆಂದರೆ ಮನೆಯಲ್ಲಿ ಅಪ್ಪ ಬೇರೆ ಮನುಷ್ಯನಾಗಿದ್ದ. ಒಂದೊಂದು ಕಂಡಿಕೆ ಮುಗಿದಾಗಲೂ ಹೊಸದನ್ನು ಹಿಡಿದು ಕುಣಿಯಿಂದ ಮೇಲೆ ಹತ್ತಿ, ಬಾಗಿಲವರೆಗೆ ನಡೆದು, ಬಿಸಿಲಿಗೆ ಹಿಡಿದು ನೋಡಿ, ತಿರುಗಿ ಬಂದು ಕೂರುತ್ತಿದ್ದ. ಒಂದು ಸೀರೆಗೆ ಐವತ್ತು ಅರವತ್ತು ಕಂಡಿಕೆ. ಅಷ್ಟು ಸಲ ಏಳುವುದು, ಅಷ್ಟು ಸಲ ಕೂರುವುದು. ಮಗ್ಗ ಟಕ್ ಟಕ್ ಎನ್ನುತ್ತಿದ್ದದ್ದು ನಿಂತರೆ ಸಾಕು, ನನ್ನ ಕಾಲು ತಾನೇ ಎದ್ದುಬಿಡುತ್ತಿತ್ತು. ಆಡುತ್ತಿದ್ದರೂ ಬಿಟ್ಟು ಬಂದು ನೋಡುತ್ತಿದ್ದೆ. ಆತ ಬಾಗಿಲಲ್ಲಿ ನಿಂತಿರುತ್ತಿದ್ದ, ಕಣ್ಣಿಗೆ ಕೈ ಅಡ್ಡ ಹಿಡಿದು. ನಿಂಗಪ್ಪ ಎರಡು ಲಡಿ ಹಿಡಿದುಕೊಂಡು ಬಂದಾಗ ಅಪ್ಪ ಕೈ ಚಾಚಲೇ ಇಲ್ಲ. "ನನ್ನ ಕಣ್ಣಿನ ಮ್ಯಾಲೆ ಭರೋಸಾ ಇಡಬ್ಯಾಡೋ ತಮ್ಮಾ. ಬ್ಯಾರೇದವರಿಗಿ ತೋರಸು." ನಿಂಗಪ್ಪ ನಗೆಚಾಟಿಕೆ ಎಂದುಕೊಂಡು ಇನ್ನೂ ನಿಂತೇ ಇದ್ದ. ಅಪ್ಪ ಒಳಗೆ ಹೋದ.

ಮಳೆಗಾಲದ ಮೊದಲ ಮೋಡ ಕಟ್ಟುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ, ಆತ ಕಂಡಿಕೆ ಹಿಡಿದು ಬಾಗಿಲಿಗೆ ಬಂದಾಗ ಅಡ್ಡ ನಿಂತೆ.

"ಅಪ್ಪಾ, ಆ ಹಸರ ಸೀರಿ ಕೆಡಿಸಿದ್ದು ನಾನು. ಡಬ್ಬಿಯೊಳಗಿನ ಐದ ಕಂಡಿಕಿ ಪುಟ್ಟ್ಯಾಗ ಹಾಕಿದ್ನಿ. ಫ್ರಾಕ ಬೇಕಾಗಿತ್ತು."

ಅಪ್ಪ ನನ್ನನ್ನೇ ನೋಡಿದ. ಬಹಳ ದಿನಗಳ ಮೇಲೆ ನಕ್ಕ. "ನನ್ನ ಸಮಾಧಾನ ಮಾಡಾಕ ಹೇಳಾಕತ್ತಿ. ನಿಮ್ಮವ್ವ ಕಲಿಸಿ ಕಳಿಸಿದಳೇನು?"

"ಇಲ್ಲಪ್ಪಾ, ಖರೇನ. ಮಲ್ಲಯ್ಯನಾಣಿ."

ಆತನ ನಗು ಇಳಿಯಿತು. ಹೊಸ್ತಿಲ ಮೇಲೆ ಕೂತು ನನ್ನನ್ನು ಹತ್ತಿರ ಎಳೆದುಕೊಂಡ. "ಆತು, ನೀನ ಹಾಕಿದಿ ಅಂತ ತಿಳಕೊಳ್ಳೋಣು. ಆದರ ಆ ಕಂಡಿಕಿ ಲಾಳ್ಯಾಗ ಇಟ್ಟ ಕೈ ನಂದು. ಒಂದ ಮೊಳ ನೇಯೂತನಕ ನೋಡಿಕೋತ ಕುಂತ ಕಣ್ಣ ನನ್ನವು. ಹುಡುಗಿ ಹುಡುಗಾಟ ಮಾಡ್ಯಾಳು. ಕಣ್ಣಿಗೇನಾಗಿತ್ತು, ಹೇಳು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನಗೆ ಕಾಣಬಾರದು ಅಂತಲೇ ನಾನು ಬೆಳಕಿಂಡಿ ಮುಚ್ಚಿದ್ದೆ. ಅಷ್ಟೇ ಹೇಳಬೇಕಾಗಿತ್ತು. ಅಷ್ಟು ಹೇಳಿದ್ದರೆ ಆತನ ಕಣ್ಣು ಆತನಿಗೆ ತಿರುಗಿ ಸಿಗುತ್ತಿತ್ತು. ಫ್ರಾಕಿನ ಆಸೆಗೆ ಕಂಡಿಕೆ ಬೆರೆಸಿದ್ದನ್ನು ಹೇಳಲು ಧೈರ್ಯ ಬಂದಿತ್ತು, ಇದನ್ನು ಹೇಳಲು ಬರಲಿಲ್ಲ. ಹೇಳದೆ ತಂಪು ಮಾಡಿದ ಮಗಳು, ಕರುಳಿರುವ ಮಗಳು ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದನಲ್ಲ, ಆ ಮಗಳನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸುಮ್ಮನೆ ಆತನ ಅಂಗಿಯ ಗುಂಡಿ ತಿರುವುತ್ತ ನಿಂತೆ. ಆತ ನನ್ನ ಕೆನ್ನೆ ತಟ್ಟಿ ಬಿಸಿಲಿಗೆ ಕಂಡಿಕೆ ಹಿಡಿದ.

ಮುಂದಿನ ವರ್ಷ ಅಪ್ಪ ಬಣ್ಣದ ಕೆಲಸ ಬಿಟ್ಟು ಬಿಳಿ ಪಂಚೆ ನೇಯಲು ಹಿಡಿದ. ಬಿಳಿಯಲ್ಲಿ ಬಣ್ಣ ಹೊಂದಿಸುವ ತಾಪತ್ರಯವಿಲ್ಲ. ಅಲ್ಲಿಂದ ನಮ್ಮ ಟ್ರಂಕಿನಲ್ಲಿ ಬಣ್ಣವೇ ಉಳಿಯಲಿಲ್ಲ, ಬೇಸಿಗೆಗೆ ಅವ್ವ ಅಂಗಡಿಯ ಅರಿವೆಯನ್ನೇ ತರುತ್ತಿದ್ದಳು. ಅಪ್ಪ ಬೇಡ ಎನ್ನಲಿಲ್ಲ. ಕೆಲವು ವರ್ಷಕ್ಕೆ ಕುಣಿಯನ್ನು ಮಣ್ಣು ತುಂಬಿ ಮುಚ್ಚಿದರು. ಈಗ ಅಲ್ಲಿ ಬಿಳಿ ಟೈಲ್ಸ್ ಇದೆ, ಮೇಲೆ ಟೀವಿ ಇದೆ. ನಾನು ಮುಧೋಳದಲ್ಲಿದ್ದೇನೆ. ಬೇಸಿಗೆ ಬಂದರೆ ನನ್ನ ಮಗಳು ಮೊಬೈಲಿನಲ್ಲಿ ಬೆರಳಾಡಿಸಿ ನೂರು ಹಸಿರು ತೋರಿಸಿ, ಯಾವುದು ಅಂತ ಕೇಳುತ್ತಾಳೆ. ಯಾವುದಾದರೂ ತಗೋ ಎನ್ನುತ್ತೇನೆ. ಎರಡು ನೂಲು ಪಕ್ಕಪಕ್ಕ ಹಿಡಿದು ಇದು ಬೇರೆ, ಅದು ಬೇರೆ ಎನ್ನುವ ಒಂದು ಕಣ್ಣೂ ನಮ್ಮ ಓಣಿಯಲ್ಲಿ ಉಳಿದಿಲ್ಲ.

ಅಪ್ಪ ಹೋಗಿ ಆರು ವರ್ಷವಾಯಿತು. ಕೊನೆಯವರೆಗೂ ಮನೆಗೆ ಯಾರೇ ಬರಲಿ, ಆ ಬೇಸಿಗೆಯ ಮಾತು ಬರುತ್ತಿತ್ತು. "ಆ ಬ್ಯಾಸಗ್ಯಾಗ ನೋಡ್ರಿ ನನ್ನ ಕಣ್ಣ ಹೋದವು," ಎನ್ನುತ್ತಿದ್ದ. ಅದೇ ಉಸಿರಿನಲ್ಲಿ, ನನ್ನತ್ತ ಕೈ ಮಾಡಿ, "ಆದರ ಅಂಥಾ ಬಿಸಲಾಗ ಈ ಹುಡುಗಿ ನನಗ ತಂಪ ಮಾಡಿದಳು," ಎನ್ನುತ್ತಿದ್ದ. ಬಂದವರು ನನ್ನ ನೋಡಿ ನಗುತ್ತಿದ್ದರು. ನಾನು ಚಹಾ ತರುವ ನೆಪ ಮಾಡಿ ಒಳಗೆ ಏಳುತ್ತಿದ್ದೆ. ಒಂದು ಜೀವಮಾನ ಬಣ್ಣ ಬಣ್ಣ ಪಕ್ಕಪಕ್ಕ ಹಿಡಿದು ನೋಡಿದ ಮನುಷ್ಯ, ಆ ಎರಡು ಮಾತನ್ನು ಮಾತ್ರ ಒಂದರ ಪಕ್ಕ ಒಂದು ಹಿಡಿದು ನೋಡಲಿಲ್ಲ. ನಾನೂ ಹಿಡಿದು ತೋರಿಸಲಿಲ್ಲ.